ರೈಜನ್ 7 7700ಎಕ್ಸ್: ಬಳ್ಳಾರಿ ಬಿಸಿಲಿಗೆ ಓವರ್‌ಕ್ಲಾಕ್ ಬೇಡ, ಅಂಡರ್‌ವೋಲ್ಟ್ ಮಾಡಿ

ಎಎಮ್‌ಡಿಯ ರೈಜನ್ 7 7700ಎಕ್ಸ್ ತುಂಬಾ ಒಳ್ಳೆಯ ಪ್ರೊಸೆಸರ್. ಆದರೆ ಕಂಪನಿ ಕೊಟ್ಟ ಸೆಟ್ಟಿಂಗ್‌ನಲ್ಲೇ ಬಿಟ್ಟರೆ ನಮ್ಮ ಕಡೆಯ ಬೇಸಿಗೆಗೆ ಅದು ಸರಿಹೋಗುವುದಿಲ್ಲ. ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್ ಪುಟ) ಹೋಗಿ ವೋಲ್ಟೇಜ್ ಇಳಿಸಿದ ಮೇಲೆ, ಅಂದರೆ ಅಂಡರ್‌ವೋಲ್ಟ್ ಮಾಡಿದ ಮೇಲೆ, ಅದೇ ಚಿಪ್ಪನ್ನು ನಂಬಿ ಕೆಲಸಕ್ಕೆ ಹಚ್ಚಬಹುದು. ಗೇಮ್‌ನಲ್ಲಿ ಎಷ್ಟು ಫ್ರೇಮ್ ಬಂತು ಅನ್ನುವುದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ವೋಲ್ಟೇಜ್ ಇಳಿಸುವ ಕೆಲಸದ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಈ ಚಿಪ್ ತಗೊಂಡವರಿಗೆ ಹಣಕ್ಕೆ ತಕ್ಕ ಪ್ರಯೋಜನ ಸಿಗುವುದು ಅಲ್ಲೇ.

ಮೊದಲು ಲೆಕ್ಕ. 2022ರ ಸೆಪ್ಟೆಂಬರ್‌ನಲ್ಲಿ ಬಂದ ಚಿಪ್ ಇದು. 8 ಕೋರ್ (ಲೆಕ್ಕ ಮಾಡುವ ಘಟಕ), 16 ಥ್ರೆಡ್ (ಒಂದೇ ಸಲಕ್ಕೆ ನಡೆಸಬಲ್ಲ ಕೆಲಸದ ಸಾಲು), ಮಾಮೂಲಿ ವೇಗ ಅಂದರೆ ಬೇಸ್ 4.5 ಗಿಗಾಹರ್ಟ್ಸ್, ತಾನೇ ಏರಬಲ್ಲ ಗರಿಷ್ಠ ವೇಗ ಅಂದರೆ ಬೂಸ್ಟ್ 5.4. ಡಬ್ಬಿ ಮೇಲೆ 105 ವ್ಯಾಟ್ ಅಂತ ಇದೆ, ಆದರೆ ಸಾಕೆಟ್‌ಗೆ (ಮದರ್‌ಬೋರ್ಡ್‌ನಲ್ಲಿ ಚಿಪ್ ಕೂರುವ ಜಾಗ) ಕೊಟ್ಟಿರುವ ನಿಜವಾದ ಮಿತಿ, ಅಂದರೆ ಪಿಪಿಟಿ, 142 ವ್ಯಾಟ್. ತಾಪಮಾನದ ಮಿತಿ 95 ಡಿಗ್ರಿ. ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಬೇರೆ ಕೊಳ್ಳಬೇಕು.

ನನ್ನ ಕೆಲಸ ಮದುವೆ ವಿಡಿಯೋ ಎಡಿಟಿಂಗ್. ಮುಹೂರ್ತಗಳೆಲ್ಲ ಬರುವುದು ಏಪ್ರಿಲ್-ಮೇ ತಿಂಗಳಲ್ಲಿ. ಬಳ್ಳಾರಿಯಲ್ಲಿ ಹೊರಗೆ 40 ಡಿಗ್ರಿ ದಾಟುವುದೂ ಅದೇ ತಿಂಗಳುಗಳಲ್ಲಿ. ಅಂದರೆ ವರ್ಷದಲ್ಲಿ ಕಂಪ್ಯೂಟರ್‌ಗೆ ಅತಿ ಹೆಚ್ಚು ಕೆಲಸ ಬೀಳುವ ಹೊತ್ತಿಗೇ ರೂಮ್ ಅತಿ ಹೆಚ್ಚು ಬಿಸಿಯಾಗಿರುತ್ತದೆ. ಮಧ್ಯಾಹ್ನ ನನ್ನ ರೂಮ್ ಒಳಗೇ 36 ಡಿಗ್ರಿ ಇರುತ್ತದೆ, ಎಸಿ ಇಲ್ಲ, ಫ್ಯಾನ್ ಮಾತ್ರ. ವಿದೇಶದ ವಿಮರ್ಶೆಗಳಲ್ಲಿ 21-22 ಡಿಗ್ರಿ ರೂಮ್‌ನಲ್ಲಿ ಅಳೆದ ಅಂಕಿ ನೋಡಿ ನಾವು ಕೂಲರ್ ತಗೊಳ್ಳುತ್ತೇವಲ್ವಾ, ಅಲ್ಲಿಗೂ ಇಲ್ಲಿಗೂ 14-15 ಡಿಗ್ರಿ ವ್ಯತ್ಯಾಸ. ಕೂಲರ್ ಎಷ್ಟೇ ಒಳ್ಳೆಯದಿದ್ದರೂ ರೂಮಿನ ಗಾಳಿಗಿಂತ ಕೆಳಗೆ ಅದು ಹೋಗಲಾರದು. ಆ 15 ಡಿಗ್ರಿ ನೇರವಾಗಿ ಪ್ರೊಸೆಸರ್ ಮೇಲೆ ಬಂದು ಕೂರುತ್ತದೆ.

ನನ್ನದು ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ, ಎರಡು ಟವರ್, ಎರಡು ಫ್ಯಾನ್, ಆರು ಹೀಟ್‌ಪೈಪ್. ಕೊಟ್ಟ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಏರ್ ಕೂಲರ್ ಸಿಗುವುದು ಕಷ್ಟ. ಆದರೂ ಏನೂ ಮುಟ್ಟದ ಸೆಟ್ಟಿಂಗ್‌ನಲ್ಲಿ ಸಿನೆಬೆಂಚ್ ಆರ್23 (ಪ್ರೊಸೆಸರ್ ವೇಗ ಅಳೆದು ಸ್ಕೋರ್ ಕೊಡುವ ಸಾಫ್ಟ್‌ವೇರ್) ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ 95ಕ್ಕೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ವಿಡಿಯೋವನ್ನು ಎಚ್.265 ಮಾದರಿಗೆ ಎನ್‌ಕೋಡ್ ಮಾಡಲು ಹಾಕಿದರೂ ಅದೇ ಕಥೆ. 95 ಡಿಗ್ರಿಯಲ್ಲಿ ಸದಾ ಓಡಿದರೂ ಚಿಪ್‌ಗೆ ತೊಂದರೆ ಇಲ್ಲ, ವಿನ್ಯಾಸವೇ ಹಾಗಿದೆ ಅಂತ ಎಎಮ್‌ಡಿ ಹೇಳಿದೆ. ಅದನ್ನು ನಾನು ನಂಬುತ್ತೇನೆ. ಆದರೆ ಫ್ಯಾನ್ ಸದ್ದು ಯಾರು ಕೇಳಬೇಕು? ಆ ಬಿಸಿ ಎಲ್ಲ ಮತ್ತೆ ರೂಮಿಗೇ ಬರುತ್ತದೆ. ಮಾತಿನ ಆಡಿಯೋ ಸರಿಮಾಡಲು ಕೂತಾಗ ಹಿಂದೆ ಫ್ಯಾನ್ ಕೂಗುತ್ತಿದ್ದರೆ ಕೆಲಸವೇ ಆಗುವುದಿಲ್ಲ.

ಇಷ್ಟು ಬಿಸಿ ಯಾಕೆ ಅಂದರೆ, ಕೋರ್‌ಗಳೆಲ್ಲ ಇರುವ ಆ 5 ನ್ಯಾನೋಮೀಟರ್ ಚೂರು ಸುಮಾರು 70 ಚದರ ಮಿಲಿಮೀಟರ್ ಅಷ್ಟೇ. ನಮ್ಮ ಕಿರುಬೆರಳಿನ ಉಗುರಿನಷ್ಟು ಜಾಗ. ನೂರಕ್ಕೂ ಹೆಚ್ಚು ವ್ಯಾಟ್ ಅಲ್ಲಿಂದಲೇ ಹೊರಗೆ ಬರಬೇಕು. ಮೇಲಿನ ಲೋಹದ ಮುಚ್ಚಳವೂ ದಪ್ಪ, ಯಾಕೆಂದರೆ ಹಳೆಯ ಎಎಮ್4 ಸಾಕೆಟ್‌ನ ಕೂಲರ್‌ಗಳು ಹೊಸ ಸಾಕೆಟ್‌ಗೂ ಕೂರಲಿ ಅಂತ ಎತ್ತರವನ್ನು ಹಾಗೇ ಇಟ್ಟಿದ್ದಾರೆ. ಹಾಗಾಗಿ ದೊಡ್ಡ ವಾಟರ್ ಕೂಲರ್ ಹಾಕಿದರೂ ನೀವು ಅಂದುಕೊಂಡಷ್ಟು ಲಾಭ ಸಿಗುವುದಿಲ್ಲ. ಬಿಸಿ ಆ ಚಿಕ್ಕ ಚೂರಿನಿಂದ ಮುಚ್ಚಳಕ್ಕೆ ದಾಟುವ ಜಾಗದಲ್ಲೇ ತಡೆ ಇರುವುದು. ಈ ಚಿಪ್ ಹೆಸರು ಹೇಳಿದ ತಕ್ಷಣ 360 ಎಮ್‌ಎಮ್ ಲಿಕ್ವಿಡ್ ಕೂಲರ್ ಬೇಕೇ ಬೇಕು ಅನ್ನುವ ಅಂಗಡಿಯವರಿಗೆ ಧೈರ್ಯವಾಗಿ ಬೇಡ ಅನ್ನಿ.

ಓವರ್‌ಕ್ಲಾಕಿಂಗ್, ಅಂದರೆ ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಚಿಪ್ ಓಡಿಸುವ ವಿಷಯ, ಬೇಗ ಮುಗಿಸುತ್ತೇನೆ. ಒಂದು ಕಾಲದಲ್ಲಿ ಅದಕ್ಕೆ ನಿಜವಾದ ಅರ್ಥ ಇತ್ತು. 1998ರ ಇಂಟೆಲ್ ಸೆಲೆರಾನ್ 300ಎ ತಗೊಂಡು ಬಸ್ ಸ್ಪೀಡ್ 66ರಿಂದ 100ಕ್ಕೆ ಏರಿಸಿದರೆ 300 ಮೆಗಾಹರ್ಟ್ಸ್ ಚಿಪ್ 450ರಲ್ಲಿ ಓಡುತ್ತಿತ್ತು. 2011ರ ಐ5-2500ಕೆ ಡಬ್ಬಿಯಲ್ಲಿ 3.3 ಅಂತ ಬರೆದುಕೊಂಡು ಬಂದು ಎಷ್ಟೋ ಜನರ ಮನೆಯಲ್ಲಿ 4.5 ಗಿಗಾಹರ್ಟ್ಸ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿತು. ಅಷ್ಟು ದೊಡ್ಡ ಅಂತರವನ್ನು ಆಗ ಕಂಪನಿಗಳು ಮುಟ್ಟದೆ ಬಿಟ್ಟಿದ್ದವು. ಈಗ ಬಿಡುವುದಿಲ್ಲ. 7700ಎಕ್ಸ್ ತಾನೇ ತಾಪಮಾನ, ಕರೆಂಟ್, ವ್ಯಾಟ್ ಎಲ್ಲ ನೋಡಿಕೊಂಡು ಕ್ಷಣಕ್ಷಣಕ್ಕೂ ಎಷ್ಟು ಏರಬಹುದೋ ಅಷ್ಟು ಏರುತ್ತದೆ. ಎಲ್ಲ ಕೋರ್‌ಗೂ ಒಂದೇ 5.3 ಅಂತ ನೀವು ಕೈಯಲ್ಲಿ ಫಿಕ್ಸ್ ಮಾಡಿದರೆ ಒಂದೆರಡು ಕೋರ್ ಕೆಲಸಕ್ಕೆ ಸಿಗುತ್ತಿದ್ದ 5.4ರ ಬೂಸ್ಟ್ ಹೋಗುತ್ತದೆ, ಖಾಲಿ ಕೂತಾಗಲೂ ವೋಲ್ಟೇಜ್ ಮೇಲೇ ಇರುತ್ತದೆ. ಪಿಬಿಒ (ಬೂಸ್ಟ್‌ನ ಮಿತಿಗಳನ್ನು ಬದಲಿಸುವ ಎಎಮ್‌ಡಿಯ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಸೌಲಭ್ಯ) ಹಾಕಿ ವ್ಯಾಟ್ ಮಿತಿ ತೆಗೆದು, 200 ಮೆಗಾಹರ್ಟ್ಸ್ ಹೆಚ್ಚಿಗೆ ಕೇಳಿದರೂ ನಮ್ಮ ರೂಮಲ್ಲಿ ಮೊದಲು ಎದುರಾಗುವುದು 95ರ ಗೋಡೆ. ನನಗೆ ಸ್ಕೋರ್‌ನಲ್ಲಿ ಶೇಕಡ ಎರಡು ಮೂರು ಹೆಚ್ಚು ಬಂತು, ಅದೂ ಬೆಳಗಿನ ಜಾವ. ಮಧ್ಯಾಹ್ನ ಅದೂ ಇಲ್ಲ. ಬಿಟ್ಟುಬಿಡಿ.

ಈಗ ಉಲ್ಟಾ ದಾರಿ. ಪ್ರೊಸೆಸರ್ ತಿನ್ನುವ ವಿದ್ಯುತ್ ಗಡಿಯಾರದ (ಕ್ಲಾಕ್) ವೇಗಕ್ಕೆ ತಕ್ಕಂತೆ ನೇರವಾಗಿ ಏರುತ್ತದೆ, ಆದರೆ ವೋಲ್ಟೇಜ್‌ಗೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.25 ವೋಲ್ಟ್ ಇದ್ದದ್ದನ್ನು 1.15ಕ್ಕೆ ಇಳಿಸಿದರೆ ವೇಗ ಒಂಚೂರೂ ಕಡಿಮೆ ಮಾಡದೆ ಸುಮಾರು ಶೇಕಡ 15 ವಿದ್ಯುತ್ ಉಳಿಯುತ್ತದೆ. ಕೊನೆಯ 200-300 ಮೆಗಾಹರ್ಟ್ಸ್‌ಗೋಸ್ಕರವೇ ಚಿಪ್ ಅತಿ ಹೆಚ್ಚು ವೋಲ್ಟೇಜ್ ಕೇಳುವುದು. ಅದನ್ನು ಬಿಟ್ಟುಕೊಟ್ಟರೆ ಉಳಿತಾಯ ಇನ್ನೂ ದೊಡ್ಡದು.

ಸುಲಭದ ದಾರಿ ಇಕೋ ಮೋಡ್. ಬಯಾಸ್‌ನಲ್ಲಿ 65 ವ್ಯಾಟ್ ಇಕೋ ಆರಿಸಿದರೆ ಪಿಪಿಟಿ 142ರಿಂದ 88ಕ್ಕೆ ಬರುತ್ತದೆ. ಇಷ್ಟೇ. ಇನ್ನೇನೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಕ್ರ್ಯಾಶ್ ಆಗುವ ಭಯ ಇಲ್ಲ, ಯಾಕೆಂದರೆ ವೋಲ್ಟೇಜ್ ಮತ್ತು ವೇಗದ ಹೊಂದಾಣಿಕೆ ಕಂಪನಿಯದೇ. ನನ್ನ ಚಿಪ್ ಸಿನೆಬೆಂಚ್‌ನಲ್ಲಿ ಸುಮಾರು 19,500 ಕೊಡುತ್ತಿದ್ದದ್ದು ಇದರಲ್ಲಿ 18,000ದ ಆಸುಪಾಸಿಗೆ ಇಳಿಯಿತು. ಶೇಕಡ ಏಳೆಂಟು. 54 ವ್ಯಾಟ್ ಕಡಿಮೆ ಮಾಡಿದ್ದಕ್ಕೆ ಕೊಟ್ಟ ಬೆಲೆ ಇಷ್ಟೇ! ತಾಪಮಾನ ಅದೇ 36 ಡಿಗ್ರಿ ರೂಮಲ್ಲಿ 80ರ ಹತ್ತಿರ ನಿಂತಿತು. ಒಂದೆರಡು ಕೋರ್ ಮಾತ್ರ ಬಳಸುವ ಕೆಲಸದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಅದಕ್ಕೆ 88 ವ್ಯಾಟ್ ಬೇಕಾದಷ್ಟಾಯಿತು. ಇಷ್ಟರಲ್ಲೇ ತೃಪ್ತಿ ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನನಗೆ ಆ ಶೇಕಡ ಏಳೆಂಟೂ ಬೇಕಿತ್ತು. ಅದನ್ನು ತಂದುಕೊಡುವುದು ಕರ್ವ್ ಆಪ್ಟಿಮೈಸರ್. ರೈಜನ್ 5000 ಕಾಲದಿಂದ ಇರುವ ಸೌಲಭ್ಯ ಇದು. ಪ್ರತಿ ಕೋರ್‌ಗೂ ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಅನ್ನುವ ಒಂದು ಗೆರೆಯನ್ನು ಫ್ಯಾಕ್ಟರಿಯಲ್ಲೇ ಬರೆದಿರುತ್ತಾರೆ. ಎಲ್ಲ ಚಿಪ್‌ಗೂ ಸುರಕ್ಷಿತವಾಗಿರಲಿ ಅಂತ ಒಂದಿಷ್ಟು ಜಾಸ್ತಿಯೇ ಇಟ್ಟಿರುತ್ತಾರೆ. ಆ ಗೆರೆಯನ್ನು ನಾವು ಕೆಳಗೆ ಸರಿಸುತ್ತೇವೆ. ಒಂದೊಂದು ಹೆಜ್ಜೆಗೆ ಸುಮಾರು 3ರಿಂದ 5 ಮಿಲಿವೋಲ್ಟ್. ಬಯಾಸ್‌ನಲ್ಲಿ ಎಎಮ್‌ಡಿ ಓವರ್‌ಕ್ಲಾಕಿಂಗ್, ಅದರೊಳಗೆ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ಅದನ್ನು ಅಡ್ವಾನ್ಸ್ಡ್ ಮಾಡಿದರೆ ಕರ್ವ್ ಆಪ್ಟಿಮೈಸರ್ ಕಾಣುತ್ತದೆ. ಆಲ್ ಕೋರ್ಸ್, ನೆಗೆಟಿವ್, ಆಮೇಲೆ ಒಂದು ಸಂಖ್ಯೆ. ಅದೇ ಪುಟದಲ್ಲಿ ತಾಪಮಾನದ ಮಿತಿಯನ್ನೂ 95ರಿಂದ 85ಕ್ಕೆ ಇಳಿಸಬಹುದು, ಅದನ್ನೂ ಮಾಡಿಡಿ.

ಎಲ್ಲರೂ ಸುಮ್ನೆ ಮೈನಸ್ 30 ಹಾಕು ಅನ್ನುತ್ತಾರೆ. ಹಾಕಿದರೆ ಸಿನೆಬೆಂಚ್ ಅರ್ಧ ಗಂಟೆ ಸಲೀಸಾಗಿ ಓಡುತ್ತದೆ, ಸ್ಕ್ರೀನ್‌ಶಾಟ್ ಹಾಕಿ ಖುಷಿಪಡುತ್ತಾರೆ. ಅಸಲಿ ವಿಷಯ ಬೇರೆ ಇದೆ. ಎಲ್ಲ ಕೋರ್ ಪೂರ್ತಿ ದುಡಿಯುವಾಗ ವೇಗ 5ರ ಆಸುಪಾಸಿನಲ್ಲಿ ಇರುತ್ತದೆ, ಅಲ್ಲಿ ವೋಲ್ಟೇಜ್ ಇಳಿಸಲು ಅವಕಾಶ ಇರುತ್ತದೆ. ಕಷ್ಟ ಬರುವುದು ಒಂದೇ ಕೋರ್ ಥಟ್ಟನೆ 5.4ಕ್ಕೆ ಜಿಗಿಯುವಾಗ. ಬ್ರೌಸರ್‌ನಲ್ಲಿ ಟ್ಯಾಬ್ ತೆರೆದಾಗ, ಟೈಮ್‌ಲೈನ್‌ನಲ್ಲಿ ಒಂದು ಕ್ಲಿಪ್ ಎಳೆದಾಗ, ಅಥವಾ ರಾತ್ರಿ ಸುಮ್ಮನೆ ಬಿಟ್ಟು ಮಲಗಿದಾಗ. ಭಾರದ ಕೆಲಸದಲ್ಲಿ ಗಟ್ಟಿ ನಿಂತ ಮಶೀನು ಏನೂ ಇಲ್ಲದ ಹೊತ್ತಿನಲ್ಲಿ ನೀಲಿ ಪರದೆಯನ್ನೂ ತೋರಿಸದೆ ಸಟ್ಟನೆ ಕಪ್ಪಾಗಿ ರೀಸ್ಟಾರ್ಟ್ ಆಗುತ್ತದೆ. ಜನ ಆಗ ಪವರ್ ಸಪ್ಲೈ ಬೈಯುತ್ತಾರೆ, ರ‍್ಯಾಮ್ ಬದಲಾಯಿಸುತ್ತಾರೆ.

ಹೀಗಾದಾಗ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿ. ಡಬ್ಲ್ಯುಎಚ್‌ಇಎ ಲಾಗರ್, ಈವೆಂಟ್ 18, ಕ್ಯಾಶ್ ಹೈರಾರ್ಕಿ ಎರರ್ ಅಂತ ಕೆಂಪು ಗುರುತು ಇದ್ದರೆ ವೋಲ್ಟೇಜ್ ಸಾಲುತ್ತಿಲ್ಲ ಅಂತ ಅರ್ಥ. ಅದರ ಕೆಳಗೆ ಪ್ರೊಸೆಸರ್ ಎಪಿಐಸಿ ಐಡಿ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಬಂಗಾರದಂಥ ಮಾಹಿತಿ. ಒಂದು ಕೋರ್‌ಗೆ ಎರಡು ಥ್ರೆಡ್ ಇರುವುದರಿಂದ ಅದನ್ನು ಎರಡರಿಂದ ಭಾಗಿಸಿ. ನನಗೆ 6 ಅಂತ ಬಂತು. ಅಂದರೆ ಸೊನ್ನೆಯಿಂದ ಎಣಿಸಿದರೆ 3ನೇ ಕೋರ್. ಆ ಒಂದು ಕೋರನ್ನು ಮೈನಸ್ 30ರಿಂದ ಮೈನಸ್ 15ಕ್ಕೆ ತಂದೆ, ಉಳಿದವನ್ನು ಮುಟ್ಟಲಿಲ್ಲ.

ಈ 3ನೇ ಕೋರ್ ನನ್ನ ಚಿಪ್‌ನಲ್ಲಿ ಕೆಟ್ಟ ಕೋರ್ ಏನಲ್ಲ, ಅತಿ ಒಳ್ಳೆಯ ಕೋರೇ ಅದು. ಚಿಪ್‌ನ ವೇಗ, ತಾಪಮಾನ ತೋರಿಸುವ ಎಚ್‌ಡಬ್ಲ್ಯುಇನ್‌ಫೋ ಸಾಫ್ಟ್‌ವೇರ್‌ನಲ್ಲಿ ಪ್ರತಿ ಕೋರ್ ಪಕ್ಕ ಪರ್ಫ್ 1, ಪರ್ಫ್ 2 ಅಂತ ದರ್ಜೆ ತೋರಿಸುತ್ತದೆ, ಇದು ಮೊದಲ ದರ್ಜೆಯದು. ಒಳ್ಳೆಯ ಕೋರ್‌ಗಳಿಗೆ ಫ್ಯಾಕ್ಟರಿಯಲ್ಲೇ ಕಡಿಮೆ ವೋಲ್ಟೇಜ್ ಬರೆದಿರುತ್ತಾರೆ, ಹಾಗಾಗಿ ಇಳಿಸಲು ಅಲ್ಲಿ ಜಾಸ್ತಿ ಉಳಿದಿರುವುದಿಲ್ಲ. ಜೊತೆಗೆ ವಿಂಡೋಸ್ ಹಗುರ ಕೆಲಸಗಳನ್ನೆಲ್ಲ ಮೊದಲು ಕಳಿಸುವುದೂ ಈ ಕೋರ್‌ಗಳಿಗೇ, ಅತಿ ಎತ್ತರದ ವೇಗಕ್ಕೆ ಏರುವುದೂ ಇವೇ. ಕಡೆಯ ದರ್ಜೆಯ ಕೋರ್‌ಗಳು ಮೈನಸ್ 30ನ್ನು ಆರಾಮಾಗಿ ತಡೆದುಕೊಳ್ಳುತ್ತವೆ. ಎಲ್ಲದಕ್ಕೂ ಒಂದೇ ಸಂಖ್ಯೆ ಹಾಕಿದರೆ ಒಂದು ಕೋರ್ ದೆಸೆಯಿಂದ ಉಳಿದ ಏಳನ್ನೂ ಹಿಂದಕ್ಕೆ ಎಳೆಯಬೇಕಾಗುತ್ತದೆ. ಕೋರ್ ಕೋರ್‌ಗೂ ಬೇರೆ ಸಂಖ್ಯೆ ಹುಡುಕುವುದು ತಾಳ್ಮೆಯ ಕೆಲಸ, ಆದರೆ ಮಾಡಲೇಬೇಕಾದ ಕೆಲಸ.

ಪರೀಕ್ಷೆಗೆ ಕೋರ್‌ಸೈಕ್ಲರ್ ಅನ್ನುವ ಉಚಿತ ಸ್ಕ್ರಿಪ್ಟ್ ಇದೆ. ಅದು ಪ್ರೈಮ್95 ಅನ್ನುವ ಭಾರೀ ಲೆಕ್ಕದ ಪ್ರೋಗ್ರಾಂ ಅನ್ನು ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಓಡಿಸಿ, ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಕೋರ್‌ಗೆ ಹೋಗುತ್ತದೆ. ಯಾವ ಕೋರ್‌ನಲ್ಲಿ ಲೆಕ್ಕ ತಪ್ಪಿತು ಅಂತ ಬರೆದಿಡುತ್ತದೆ. ರಾತ್ರಿ ಹಾಕಿ ಮಲಗಿ, ಬೆಳಿಗ್ಗೆ ನೋಡಿ. ತಪ್ಪಿದ ಕೋರ್‌ಗೆ ಎರಡು ಮೂರು ಹೆಜ್ಜೆ ವೋಲ್ಟೇಜ್ ವಾಪಸ್ ಕೊಡಿ, ಮತ್ತೆ ಹಾಕಿ. ಒಂದು ಗಂಟೆ ಗೇಮ್ ಆಡಿ ಕ್ರ್ಯಾಶ್ ಆಗಲಿಲ್ಲ, ಸ್ಟೇಬಲ್ ಅನ್ನುವುದು ಬೇಡ. ನನ್ನ ಹಾರ್ಡ್‌ಡಿಸ್ಕ್‌ನಲ್ಲಿ ಇರುವುದು ಬೇರೆಯವರ ಮನೆಯ ಮದುವೆ, ಮತ್ತೆ ಶೂಟ್ ಮಾಡಲು ಆಗದ ದೃಶ್ಯಗಳು. ಅದರ ಮೇಲೆ ಕೆಲಸ ಮಾಡುವ ಮಶೀನು ಲೆಕ್ಕ ತಪ್ಪಬಾರದು.

ಇನ್ನೊಂದನ್ನು ಬಹಳ ಜನ ನೋಡುವುದೇ ಇಲ್ಲ. ವೋಲ್ಟೇಜ್ ತೀರಾ ಕಡಿಮೆಯಾದಾಗ ಈ ಚಿಪ್ ಯಾವಾಗಲೂ ಕ್ರ್ಯಾಶ್ ಆಗುವುದಿಲ್ಲ, ಕೆಲವೊಮ್ಮೆ ಗಡಿಯಾರವನ್ನು ಒಳಗೊಳಗೇ ನಿಧಾನ ಮಾಡಿಕೊಂಡು ಬದುಕುತ್ತದೆ. ಮೇಲೆ 5.2 ಅಂತಲೇ ಕಾಣುತ್ತದೆ. ಎಚ್‌ಡಬ್ಲ್ಯುಇನ್‌ಫೋದಲ್ಲಿ ಎಫೆಕ್ಟಿವ್ ಕ್ಲಾಕ್ ಅಂತ ಬೇರೆ ಸಾಲು ಇದೆ, ಪೂರ್ತಿ ಲೋಡ್ ಇರುವಾಗ ಅದೂ ಮಾಮೂಲಿ ಕ್ಲಾಕೂ ಹತ್ತಿರ ಹತ್ತಿರ ಇರಬೇಕು. ದೂರ ಇದ್ದರೆ ನೀವು ಇಳಿಸಿದ್ದು ಜಾಸ್ತಿಯಾಗಿದೆ. ತಾಪಮಾನ ಇಳಿಯಿತು ಅಂತ ಮಾತ್ರ ನೋಡಬೇಡಿ, ಸ್ಕೋರ್ ಏರಿತೋ ಇಳಿಯಿತೋ ಅದನ್ನೂ ನೋಡಿ.

ಕೊನೆಗೆ ನನ್ನ ಚಿಪ್ ನಿಂತಿದ್ದು ಇಲ್ಲಿ: 88 ವ್ಯಾಟ್ ಮಿತಿ, ಒಳ್ಳೆಯ ಎರಡು ಕೋರ್‌ಗೆ ಮೈನಸ್ 15 ಮತ್ತು 18, ಉಳಿದವಕ್ಕೆ 25ರಿಂದ 30. ಸಿನೆಬೆಂಚ್ 19,000ದ ಆಸುಪಾಸು. ಅಂದರೆ ಮೊದಲಿನ ವೇಗಕ್ಕಿಂತ ಶೇಕಡ ಮೂರರಷ್ಟು ಮಾತ್ರ ಕಡಿಮೆ, ವಿದ್ಯುತ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಳಿತಾಯ. ನಿಮ್ಮ ಚಿಪ್‌ಗೆ ಈ ಸಂಖ್ಯೆಗಳು ಸರಿಹೋಗಲಾರವು, ನೇರ ನಕಲು ಮಾಡಬೇಡಿ.

ಕರೆಂಟ್ ಬಿಲ್ ಲೆಕ್ಕವೂ ಹೇಳಿಬಿಡುತ್ತೇನೆ. ಗೋಡೆಯ ಪ್ಲಗ್ ಹತ್ತಿರ ಲೆಕ್ಕ ಹಾಕಿದರೆ ಸುಮಾರು 60 ವ್ಯಾಟ್ ಕಡಿಮೆ. ಸೀಸನ್‌ನಲ್ಲಿ ದಿನಕ್ಕೆ 8 ಗಂಟೆ ಎನ್‌ಕೋಡ್ ಓಡಿದರೆ ತಿಂಗಳಿಗೆ 14 ಯೂನಿಟ್ ಉಳಿಯುತ್ತದೆ. ದುಡ್ಡಿನಲ್ಲಿ ನೋಡಿದರೆ ನೂರು ರೂಪಾಯಿಯೂ ಇಲ್ಲ. ಆದರೆ ಗೃಹಜ್ಯೋತಿ ಇರುವ ಮನೆಯಲ್ಲಿ ಲೆಕ್ಕ ಬೇರೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ರೂಮ್ ಕೂಲರ್, ಫ್ರಿಜ್ ಎಲ್ಲ ಸೇರಿ 190ರ ಹತ್ತಿರ ಇರುವ ಮನೆಗೆ ಈ 14 ಯೂನಿಟ್ ಸಣ್ಣದಲ್ಲ.

ಬಿಲ್‌ಗಿಂತ ನನಗೆ ಮುಖ್ಯ ಅನಿಸಿದ್ದು ಯುಪಿಎಸ್. ಮನೆಗಳಲ್ಲಿ ಇರುವ 600 ವಿಎ ಯುಪಿಎಸ್‌ಗಳು ಸಾಮಾನ್ಯವಾಗಿ 360 ವ್ಯಾಟ್ ತಡೆಯುತ್ತವೆ. ನನ್ನ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, ಅದೇ 170 ವ್ಯಾಟ್. ಅದರ ಮೇಲೆ ಪ್ರೊಸೆಸರ್‌ನ 142, ಮಾನಿಟರ್, ಡಿಸ್ಕ್, ಫ್ಯಾನ್ ಸೇರಿದರೆ 360 ದಾಟುತ್ತದೆ. ಎರಡೂ ಪೂರ್ತಿ ದುಡಿಯುವಾಗ ಕರೆಂಟ್ ಹೋದರೆ ಯುಪಿಎಸ್ ಕಿರುಚಿ ಕೈಕೊಡುತ್ತದೆ. 88ಕ್ಕೆ ಇಳಿಸಿದ ಮೇಲೆ ಮಿತಿಯೊಳಗೆ ಬಂತು, ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಗುತ್ತಿದೆ. ಹೊಸ ಯುಪಿಎಸ್ ಖರ್ಚು ಉಳಿಯಿತು.

ರ‍್ಯಾಮ್ ವಿಷಯದಲ್ಲಿ ಒಂದೇ ಎಚ್ಚರಿಕೆ. ಡಿಡಿಆರ್5-6000 ಕಿಟ್ ಹಾಕಿ ಎಕ್ಸ್‌ಪೋ (ರ‍್ಯಾಮನ್ನು ಡಬ್ಬಿ ಮೇಲೆ ಬರೆದ ವೇಗದಲ್ಲಿ ಓಡಿಸುವ ಬಯಾಸ್ ಸೆಟ್ಟಿಂಗ್) ಆನ್ ಮಾಡಿ, ಈ ಚಿಪ್‌ಗೆ ಅದು ಹದವಾದ ವೇಗ. ಆದರೆ ಎಕ್ಸ್‌ಪೋ ಹಾಕಿದಾಗ ಹಳೆಯ ಬಯಾಸ್‌ಗಳು ಎಸ್‌ಒಸಿ ವೋಲ್ಟೇಜನ್ನು (ಚಿಪ್‌ನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗದ ವೋಲ್ಟೇಜ್) ತಾವೇ ಏರಿಸುತ್ತಿದ್ದವು. 2023ರ ಏಪ್ರಿಲ್‌ನಲ್ಲಿ ಇದೇ ಸಾಲಿನ ಕೆಲವು 7800ಎಕ್ಸ್3ಡಿ ಚಿಪ್‌ಗಳು ಸಾಕೆಟ್ ಸಮೇತ ಸುಟ್ಟ ಸುದ್ದಿ ಬಂದ ಮೇಲೆ ಎಎಮ್‌ಡಿ 1.3 ವೋಲ್ಟ್ ಮಿತಿ ಹಾಕಿತು. ಹಳೆಯ ಸ್ಟಾಕ್ ಮದರ್‌ಬೋರ್ಡ್ ಸಿಕ್ಕಿದ್ದರೆ ಮೊದಲು ಬಯಾಸ್ ಅಪ್‌ಡೇಟ್ ಮಾಡಿ, ಉಳಿದದ್ದೆಲ್ಲ ಆಮೇಲೆ. ಅಪ್‌ಡೇಟ್ ಮಾಡಿದರೆ ಕರ್ವ್ ಸಂಖ್ಯೆಗಳೆಲ್ಲ ಅಳಿಸಿಹೋಗುತ್ತವೆ, ಆದ್ದರಿಂದ ಮೊಬೈಲ್‌ನಲ್ಲಿ ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಚಿಪ್‌ನಲ್ಲಿ ನನಗೆ ಹಿಡಿಸದ ಅಂಶಗಳೂ ಇವೆ. ಏನೂ ಕೆಲಸ ಇಲ್ಲದಾಗಲೂ 25-30 ವ್ಯಾಟ್ ತಿನ್ನುತ್ತದೆ. ಕೋರ್‌ಗಳ ಚೂರು ಬೇರೆ, ಮೆಮೊರಿ ನೋಡಿಕೊಳ್ಳುವ ಚೂರು ಬೇರೆ ಇರುವುದರಿಂದ ಇದು ಬರುತ್ತದೆ, ಎಷ್ಟು ಅಂಡರ್‌ವೋಲ್ಟ್ ಮಾಡಿದರೂ ಹೆಚ್ಚು ಇಳಿಯುವುದಿಲ್ಲ. ದಿನವಿಡೀ ಆನ್ ಇಟ್ಟು ಬರೀ ಟೈಪ್ ಮಾಡುವವರಿಗೆ ಇದು ತಕ್ಕ ಚಿಪ್ ಅಲ್ಲ. ಮತ್ತೆ ಹೊಸ ರ‍್ಯಾಮ್ ಹಾಕಿದಾಗ ಮೊದಲ ಸಲ ಪರದೆ ಬರಲು ಕೆಲವು ನಿಮಿಷ ಹಿಡಿಯುತ್ತದೆ, ಮೆಮೊರಿ ಟ್ರೈನಿಂಗ್ ಅದು. ಗಾಬರಿಯಾಗಿ ಪವರ್ ತೆಗೆಯಬೇಡಿ, ಕಾಯಿರಿ.

ವಾರಂಟಿ ಬಗ್ಗೆಯೂ ನೇರವಾಗಿ ಹೇಳಬೇಕು. ಡಬ್ಬಿಯ ಚಿಪ್‌ಗೆ 3 ವರ್ಷ ವಾರಂಟಿ ಇದೆ. ಆದರೆ ನಿಗದಿ ಮಾಡಿದ ಮಿತಿಯ ಹೊರಗೆ ಓವರ್‌ಕ್ಲಾಕ್ ಮಾಡಿದರೂ ಸರಿ, ಅಂಡರ್‌ವೋಲ್ಟ್ ಮಾಡಿದರೂ ಸರಿ, ವಾರಂಟಿ ಹೋಗುತ್ತದೆ ಅಂತ ಎಎಮ್‌ಡಿ ತನ್ನ ಷರತ್ತಿನಲ್ಲಿ ಬರೆದಿದೆ. ತಾನೇ ಕೊಟ್ಟ ಸಾಫ್ಟ್‌ವೇರ್‌ನಿಂದ ಮಾಡಿದರೂ ಹಾಗೆಯೇ. ವೋಲ್ಟೇಜ್ ಇಳಿಸಿದರೆ ಚಿಪ್‌ಗೆ ಹಾನಿ ಆಗುವುದಿಲ್ಲ, ಹೆಚ್ಚೆಂದರೆ ಹ್ಯಾಂಗ್ ಆಗುತ್ತದೆ ಅಥವಾ ಲೆಕ್ಕ ತಪ್ಪುತ್ತದೆ, ಹಾಗಿರುವಾಗ ಓವರ್‌ಕ್ಲಾಕಿಂಗ್ ಜೊತೆ ಅದನ್ನೂ ಸೇರಿಸಿರುವುದು ನನಗೆ ಅನ್ಯಾಯ ಅನಿಸುತ್ತದೆ. ಆದರೆ ಷರತ್ತು ಷರತ್ತೇ, ತಿಳಿದುಕೊಂಡು ಮುಂದುವರಿಯಿರಿ.

ಈಗ ಕೊಳ್ಳುವವರು 7700ಎಕ್ಸ್ ತಗೋಬೇಕೋ, ಎಕ್ಸ್ ಇಲ್ಲದ 7700 ತಗೋಬೇಕೋ? 2023ರ ಜನವರಿಯಲ್ಲಿ ಬಂದ 7700 ಅದೇ 8 ಕೋರ್, ಬೂಸ್ಟ್ 5.3, ಮೊದಲೇ 65 ವ್ಯಾಟ್, ಜೊತೆಗೆ ರೇತ್ ಪ್ರಿಸಮ್ ಕೂಲರ್ ಡಬ್ಬಿಯಲ್ಲೇ ಬರುತ್ತದೆ. ಬಯಾಸ್ ಮುಟ್ಟುವ ಮನಸ್ಸಿಲ್ಲದವರಿಗೆ ನಾನು 7700 ಅನ್ನೇ ಹೇಳುವುದು. ಎರಡಕ್ಕೂ ಬೆಲೆ ಒಂದೇ ಇದ್ದು, ಒಳ್ಳೆಯ ಕೂಲರ್ ನಿಮ್ಮ ಹತ್ತಿರ ಇದ್ದರೆ ಮಾತ್ರ ಎಕ್ಸ್. 2024ರ ಆಗಸ್ಟ್‌ನಲ್ಲಿ ಬಂದ 9700ಎಕ್ಸ್ ಅನ್ನು ಎಎಮ್‌ಡಿಯೇ 65 ವ್ಯಾಟ್‌ಗೆ ಇಳಿಸಿ ಬಿಟ್ಟಿತು. ನಾವು ಮನೆಯಲ್ಲಿ ಮಾಡುತ್ತಿದ್ದದ್ದನ್ನೇ ಕಂಪನಿಯೂ ಮಾಡಿದ ಹಾಗಾಯಿತು. ಆಮೇಲೆ ಬಯಾಸ್ ಅಪ್‌ಡೇಟ್‌ನಲ್ಲಿ 105 ವ್ಯಾಟ್ ಆಯ್ಕೆಯನ್ನೂ ಕೊಟ್ಟರು. ಬಜೆಟ್ ಇದ್ದು ಅದನ್ನೇ ಹಾಕಿಸುವವರು ಆ 105ರ ಆಯ್ಕೆ ಮುಟ್ಟದೆ ನೇರವಾಗಿ ಕರ್ವ್ ಆಪ್ಟಿಮೈಸರ್‌ಗೆ ಹೋಗಿ, ಎಲ್ಲ ಕೋರ್‌ಗೂ ಮೈನಸ್ 15ರಿಂದ ಶುರು ಮಾಡಿ, ಒಂದು ರಾತ್ರಿ ಕೋರ್‌ಸೈಕ್ಲರ್ ಹಾಕಿ ನೋಡಿ.